ಸೌರಫಲಕಗಳ ತಾಪಶಮನ

ಬಿಸಿಲನ್ನೇ ಉಂಡು ಕೆಲಸಮಾಡತಕ್ಕ ವಸ್ತುವೊಂದು ಬಿಸಿಲಿನ ಬೇಗೆಯಿಂದಲೇ ಬಳಲುವುದೆಂದು ಹೇಳಿದರೆ ವಾಚಕರಿಗೆ ಅದು ಒಗಟಿನಂತೆ ತೋರಬಹುದು. ಆದರೂ ಮಾತು ನಿಜವಾದುದೇ. ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಮನೆಗಳ ತಾರಸಿಯ ಮೇಲೆ ನೀಲಿಗಪ್ಪು ಬಣ್ಣದ ಗಾಜಿನ ಹಲಗೆಗಳು ಓರೆಯಾಗಿ ನಿಂತಿರುವುದನ್ನು ಎಲ್ಲರೂ ಕಂಡಿರುವರು. ಜನರು ಇವನ್ನು ಸೋಲಾರ್ ಪ್ಯಾನಲ್ಲುಗಳೆಂದು ಕರೆಯುವರು. ನಾವು ಈ ಲೇಖನದಲ್ಲಿ ಸೌರಫಲಕಗಳೆಂದು ಕರೆಯುವೆವು. ೨೦೨೪ನೆಯ ಇಸವಿಯ ಫೆಬ್ರವರಿಯಲ್ಲಿ ಕೇಂದ್ರ ಸರಕಾರದವರು ಪಿ.ಎಂ. ಸೂರ್ಯಘರ್ ಎಂಬ ಯೋಜನೆಯನ್ನು ಆರಂಭಿಸಿ, ಮೂರು ಕಿಲೋವಾಟಿನ ಫಲಕಗಳನ್ನು ಹಾಕಿಸುವ ಮನೆಗೆ ೭೮,೦೦೦ ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದ ಮೇಲೆ, ಮಧ್ಯಮ ಸ್ಥಿತಿಯ ಗೃಹಸ್ಥರೂ ಈ ಕಡೆಗೆ ಮನಸ್ಸು ಮಾಡುತ್ತಿರುವರು. ಸಹಾಯಧನವು ಬಂದರೂ ಉಳಿದ ವೆಚ್ಚವು ಮನೆಯವರ ಗಂಟಿನಿಂದಲೇ ಹೋಗತಕ್ಕದ್ದು. ಇಂತಹ ಹಣವನ್ನು ಹೂಡಿದವರು ಅದರ ಫಲವು ಎಲ್ಲಿ ಸೋರಿಹೋಗುವುದೆಂಬುದನ್ನು ತಿಳಿದಿರುವುದು ಒಳ್ಳೆಯದು.

ಸಾಮಾನ್ಯವಾಗಿ ಜನರಲ್ಲಿ ಒಂದು ನಂಬಿಕೆಯುಂಟು: ಬೇಸಗೆಯು ಎಷ್ಟು ಕಡುಪಾಗಿರುವುದೋ ಫಲಕವು ಅಷ್ಟು ಹೆಚ್ಚು ವಿದ್ಯುತ್ತನ್ನು ಕೊಡುವುದು ಎಂದು. ಇದರಲ್ಲಿ ಅರ್ಧ ಸತ್ಯವಿದೆ, ಇನ್ನರ್ಧವು ತಪ್ಪು. ಫಲಕಕ್ಕೆ ಬೇಕಾದುದು ಬೆಳಕು. ಬೇಗೆಯು ಅದಕ್ಕೆ ಬೇಕಾಗಿಲ್ಲ. ಬೆಳಕೂ ಬೇಗೆಯೂ ಒಬ್ಬನೇ ಸೂರ್ಯನಿಂದ ಬರುವುದರಿಂದ ನಾವು ಅವೆರಡನ್ನೂ ಒಂದೆಂದು ಎಣಿಸಿಬಿಡುತ್ತೇವೆ. ಸ್ನಾನಕ್ಕೆ ನೀರನ್ನು ಕಾಯಿಸುವ ಸೌರಯಂತ್ರವು ಕಾವನ್ನು ಬೇಡುವುದು. ವಿದ್ಯುತ್ತನ್ನು ಕೊಡುವ ಫಲಕವು ಬೆಳಕನ್ನು ಬೇಡುವುದು. ಬೆಂಗಳೂರಿನ ಎಷ್ಟೋ ತಾರಸಿಗಳ ಮೇಲೆ ಇವೆರಡೂ ಅಕ್ಕಪಕ್ಕದಲ್ಲಿಯೇ ಇರುವುದುಂಟು. ನೋಡುವವರಿಗೆ ಅಣ್ಣತಮ್ಮಂದಿರಂತೆ ಕಂಡರೂ ಅವುಗಳ ಸ್ವಭಾವವು ಬೇರೆಬೇರೆಯಾದುದು.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದೆಂಬ ಸಂಗತಿಯನ್ನು ಮೊದಲು ಕಂಡವನು ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಎಂಬ ವಿಜ್ಞಾನಿ. ಅದು ೧೮೩೯ನೆಯ ಇಸವಿಯ ಮಾತು. ಆದರೆ ಅದನ್ನು ನಿತ್ಯದ ಉಪಯೋಗಕ್ಕೆ ತರುವುದಕ್ಕೆ ನೂರು ವರ್ಷಗಳಿಗಿಂತ ಹೆಚ್ಚಾಗಿ ಹಿಡಿಯಿತು. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚೇಪಿನ್, ಫುಲ್ಲರ್, ಪಿಯರ್‌ಸನ್ ಎಂಬ ಮೂವರು ಸಿಲಿಕಾನ್ ಎಂಬ ಮೂಲವಸ್ತುವಿನಿಂದ ಒಂದು ಬಿಲ್ಲೆಯನ್ನು ಮಾಡಿ ತೋರಿಸಿದರು. ಅದರ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು ೬ ಪಾಲು ಮಾತ್ರವೇ ವಿದ್ಯುತ್ತಾಗಿ ಮಾರ್ಪಡುತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಫಲಕಗಳು ನೂರಕ್ಕೆ ೨೦ ರಿಂದ ೨೨ ಪಾಲನ್ನು ಮಾರ್ಪಡಿಸಿಕೊಡುತ್ತವೆ. ಸ್ವಲ್ಪ ಭಾಗವು ಗಾಜಿನಿಂದ ಪ್ರತಿಫಲಿಸಿ ಹಿಂದಿರುಗುವುದು. ಉಳಿದುದೆಲ್ಲವೂ, ಎಂದರೆ ನೂರಕ್ಕೆ ೭೦ಕ್ಕೂ ಮೇಲ್ಪಟ್ಟ ಭಾಗವು, ಫಲಕದ ಒಳಗೆ ಕಾವಾಗಿ ನಿಲ್ಲುವುದು. ಫಲಕವು ಗಾಢವರ್ಣದ್ದು, ಬೆಳಕನ್ನು ಆದಷ್ಟು ಹೀರಿಕೊಳ್ಳಲೆಂದೇ ಅದನ್ನು ಹಾಗೆ ಮಾಡಿರುವರು. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಅಂಗಳದ ಕರಿಗಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಅದರ ಸ್ಥಿತಿಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಕಾವು ಏರಿದರೆ ವಿದ್ಯುತ್ತು ಏಕೆ ಇಳಿಯಬೇಕು? ಇದಕ್ಕೆ ನಾವು ಮನೆಯ ಮೇಲಿನ ನೀರಿನ ತೊಟ್ಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತೊಟ್ಟಿಯೊಳಕ್ಕೆ ಮೇಲಿನಿಂದ ನೀರು ಬೀಳುತ್ತಿದೆ. ಆದರೆ ತಳದಲ್ಲಿ ಸಣ್ಣ ಸಣ್ಣ ಬಿರುಕುಗಳಿವೆ. ಬೀಳುವ ನೀರೂ ಸೋರುವ ನೀರೂ ಸಮವಾಗುವ ಮಟ್ಟದಲ್ಲಿ ತೊಟ್ಟಿಯ ನೀರು ನಿಲ್ಲುವುದು. ಫಲಕದಲ್ಲಿ ಬೆಳಕು ಸಿಲಿಕಾನಿನ ಕಟ್ಟಿನಿಂದ ಎಲೆಕ್ಟ್ರಾನುಗಳೆಂಬ ಸೂಕ್ಷ್ಮ ಕಣಗಳನ್ನು ಬಿಡಿಸುವುದೇ ಮೇಲಿನಿಂದ ಬೀಳುವ ನೀರು. ಹಾಗೆ ಬಿಡುಗಡೆಯಾದ ಕಣಗಳು ತಂತಿಯನ್ನು ಸೇರುವ ಮೊದಲೇ ತಮ್ಮ ಮೊದಲಿನ ನೆಲೆಗೆ ಬಿದ್ದುಹೋಗುವುದೇ ತಳದ ಸೋರಿಕೆ. ತೊಟ್ಟಿಯಲ್ಲಿ ನಿಂತ ನೀರಿನ ಎತ್ತರವೇ ಮಿಸ್ತ್ರಿಗಳು ವೋಲ್ಟೇಜೆಂದು ಕರೆಯುವ ಒತ್ತಡ. ಫಲಕವು ಕಾದಾಗ ಬೀಳುವ ನೀರು ಅತ್ಯಲ್ಪವಾಗಿ ಹೆಚ್ಚುವುದು ನಿಜ. ಆದರೆ ತಳದ ಬಿರುಕುಗಳು ಅದಕ್ಕಿಂತ ಬಹಳ ಹೆಚ್ಚಾಗಿ ಅಗಲವಾಗುವುವು. ಆದಕಾರಣ ನೀರಿನ ಮಟ್ಟವು ತಗ್ಗುವುದು. ಸಿಲಿಕಾನಿನ ಒಂದೊಂದು ಬಿಲ್ಲೆಯಲ್ಲಿಯೂ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಒತ್ತಡವು ಒಂದು ವೋಲ್ಟಿನ ಸಾವಿರದಲ್ಲಿ ಸುಮಾರು ಎರಡು ಪಾಲು ಇಳಿಯುವುದೆಂದು ಲೆಕ್ಕವುಂಟು. ಒಂದು ಬಿಲ್ಲೆಯ ನಷ್ಟವು ಅಲ್ಪವೇ ಸರಿ. ಆದರೆ ಒಂದು ಫಲಕದಲ್ಲಿ ಇಂತಹ ಹತ್ತಾರು ಬಿಲ್ಲೆಗಳು ಸಾಲಾಗಿ ಕೂಡಿಕೊಂಡಿರುವುವು. ಏರುವ ಡಿಗ್ರಿಗಳಾದರೋ ಮೂವತ್ತು ನಲವತ್ತು.

ಈಗ ಮನೆಯ ಲೆಕ್ಕಕ್ಕೆ ಬರೋಣ. ಫಲಕದ ಬೆನ್ನಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅದರ ಬಲವನ್ನು ಇಷ್ಟು ವಾಟ್ ಎಂದು ಬರೆದಿರುವರು. ಕಾರ್ಖಾನೆಯವರು ಆ ಅಂಕಿಯನ್ನು ಗೊತ್ತುಮಾಡುವಾಗ ಚದರ ಮೀಟರಿಗೆ ೧,೦೦೦ ವಾಟಿನ ಬೆಳಕನ್ನು ಬಿಟ್ಟು, ಫಲಕದ ಬಿಲ್ಲೆಗಳ ಉಷ್ಣತೆಯನ್ನು ೨೫ ಡಿಗ್ರಿಯಲ್ಲಿ ಹಿಡಿದಿರುವರು. ಇಡೀ ಲೋಕದಲ್ಲಿ ಒಂದೇ ಅಳತೆಯಿರಲೆಂದು ಮಾಡಿಕೊಂಡ ಕಟ್ಟಳೆಯಿದು. ಆದರೆ ನಮ್ಮ ನಾಡಿನ ತಾರಸಿಯ ಮೇಲೆ ಅಷ್ಟು ಬೆಳಕೂ ಅಷ್ಟು ತಂಪೂ ಏಕಕಾಲದಲ್ಲಿ ಕೂಡಿಬರುವುದು ಬಲು ಅಪರೂಪ. ಆದುದರಿಂದಲೇ ಕೊಡುವವರ ಪತ್ರದಲ್ಲಿ ಇನ್ನೊಂದು ಅಂಕಿಯೂ ಇರುವುದು. ಗಾಳಿಯು ೨೦ ಡಿಗ್ರಿಯಲ್ಲಿದ್ದು ಮೆಲ್ಲನೆ ಬೀಸುತ್ತಿರಲು, ಚದರ ಮೀಟರಿಗೆ ೮೦೦ ವಾಟಿನ ಬೆಳಕಿನಲ್ಲಿ ಫಲಕವು ಎಷ್ಟಕ್ಕೆ ಕಾಯುವುದೆಂದು ಅದು ತಿಳಿಸುವುದು. ಹೆಚ್ಚಿನ ಫಲಕಗಳಲ್ಲಿ ಅದು ೪೫ ಡಿಗ್ರಿಯ ಆಸುಪಾಸಿನಲ್ಲಿರುವುದು. ಎಂದರೆ ಗಾಳಿಗಿಂತ ೨೫ ಡಿಗ್ರಿ ಹೆಚ್ಚು. ಬೆಳಕು ೧,೦೦೦ ವಾಟಿಗೆ ಏರಿದರೆ ಈ ಹೆಚ್ಚಳವೂ ಸುಮಾರು ೩೧ ಡಿಗ್ರಿಗೆ ಏರುವುದು. ಗಾಳಿಯು ೩೫ ಡಿಗ್ರಿಯಲ್ಲಿರುವ ದಿನ ಫಲಕವು ೬೬ ಡಿಗ್ರಿಯಲ್ಲಿ ಬೇಯುತ್ತಿರುವುದೆಂದು ಇದರಿಂದ ತಿಳಿಯುವುದು.

ಒಂದು ಡಿಗ್ರಿ ಏರಿದರೆ ಬಲವು ಎಷ್ಟು ಕುಗ್ಗುವುದೆಂಬುದನ್ನು ಕೂಡ ಅದೇ ಪತ್ರದಲ್ಲಿ ಬರೆದಿರುವರು. ಸಾಧಾರಣ ಸಿಲಿಕಾನ್ ಫಲಕಗಳಲ್ಲಿ ಅದು ನೂರಕ್ಕೆ ೦.೩೫ರ ಸುಮಾರು. ೨೫ ರಿಂದ ೬೬ಕ್ಕೆ ೪೧ ಡಿಗ್ರಿಗಳು, ೪೧ನ್ನು ೦.೩೫ರಿಂದ ಗುಣಿಸಿದರೆ ನೂರಕ್ಕೆ ೧೪ಕ್ಕಿಂತ ತುಸು ಹೆಚ್ಚು. ಮೂರು ಕಿಲೋವಾಟ್ ಎಂದು ಕೊಂಡುತಂದ ಫಲಕಗಳು ಆ ಗಳಿಗೆಯಲ್ಲಿ ಎರಡೂವರೆ ಕಿಲೋವಾಟಿಗಿಂತ ಸ್ವಲ್ಪ ಮಾತ್ರವೇ ಹೆಚ್ಚಾಗಿ ಕೊಡುತ್ತಿರುವುವು. ರಾಯಚೂರು, ಕಲಬುರಗಿಗಳ ಕಡೆ ಗಾಳಿಯೇ ನಲವತ್ತು ಡಿಗ್ರಿಯನ್ನು ದಾಟುವ ದಿನಗಳಲ್ಲಿ ಈ ನಷ್ಟವು ಇನ್ನೂ ಹೆಚ್ಚಾಗಿರುವುದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಇದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ಫಲಕಗಳನ್ನು ಕೂಡಿಸಿದವರ ಮೇಲೆ ಮೋಸದ ಅಪವಾದವು ಬರುವುದುಂಟು. “ಚೀಟಿಯಲ್ಲಿ ಬರೆದಷ್ಟು ಬರುವುದಿಲ್ಲವಲ್ಲ” ಎಂಬುದು ಆಕ್ಷೇಪ. ಬೇಸಗೆಯ ಮಧ್ಯಾಹ್ನದಲ್ಲಿ ಬರೆದಷ್ಟು ಬರದಿರುವುದು ಮೋಸವಲ್ಲ, ಪ್ರಕೃತಿಯ ನಿಯಮ. ಆದರೂ ಫೆಬ್ರವರಿಯಿಂದ ಏಪ್ರಿಲಿನವರೆಗೆ ನಮ್ಮಲ್ಲಿ ಹೆಚ್ಚು ಯೂನಿಟ್ಟುಗಳು ಸಿಗುವುದಕ್ಕೆ ಕಾರಣವೇನೆಂದರೆ, ಆಗ ಮೋಡಗಳು ಕಡಿಮೆ, ಸೂರ್ಯನು ನೆತ್ತಿಯ ಮೇಲಕ್ಕೆ ಬರುತ್ತಿರುವನು. ಬೆಳಕಿನ ಲಾಭವು ಬೇಗೆಯ ನಷ್ಟವನ್ನು ಮೀರಿಸುವುದು. ಬೆಳಕು ತೀಕ್ಷ್ಣವಾಗಿಯೂ ಗಾಳಿಯು ತಣ್ಣಗಾಗಿಯೂ ಇರುವ ಸ್ಥಳವು ಫಲಕಗಳಿಗೆ ಸ್ವರ್ಗವೇ ಸರಿ. ಸಮುದ್ರಮಟ್ಟಕ್ಕಿಂತ ಸುಮಾರು ೩,೫೦೦ ಮೀಟರುಗಳ ಎತ್ತರದಲ್ಲಿರುವ ಲಡಾಖಿನ ಲೇಹ್ ಪಟ್ಟಣವು ಅಂತಹುದು. ನಮ್ಮಲ್ಲಿಯೂ ಮಾರ್ಗಶಿರ ಪುಷ್ಯಗಳ ತಿಳಿಯಾದ ಬೆಳಗಿನಲ್ಲಿ ಫಲಕಗಳು ಚುರುಕಾಗಿ ಕೆಲಸಮಾಡುವುದನ್ನು ಮೀಟರನ್ನು ನೋಡುವ ಅಭ್ಯಾಸವುಳ್ಳವರು ಕಂಡಿರಬಹುದು.

ಇನ್ನು ಪರಿಹಾರದ ವಿಚಾರ. ಫಲಕವನ್ನು ತಂಪಾಗಿಡಲು ಮುಖ್ಯವಾಗಿ ಎರಡು ಸಾಧನಗಳುಂಟು: ಗಾಳಿ ಮತ್ತು ನೀರು. ಇವುಗಳಲ್ಲಿ ಗಾಳಿಯು ಬೆಲೆಯಿಲ್ಲದೆ ಬರತಕ್ಕದ್ದು. ಆದರೆ ಅದಕ್ಕೆ ದಾರಿಯನ್ನು ಬಿಡಬೇಕು. ಫಲಕದ ಮುಖದಷ್ಟೇ ಬೆನ್ನೂ ಕಾವನ್ನು ಹೊರಗೆಡಹುವುದು. ಬೆನ್ನಿಗೂ ಛಾವಣಿಗೂ ನಡುವೆ ಜಾಗವಿದ್ದರೆ ಕಾದ ಗಾಳಿಯು ಹಗುರವಾಗಿ ಮೇಲಿನ ಅಂಚಿನಿಂದ ಹೊರಟುಹೋಗಿ ಕೆಳಗಿನಿಂದ ಹೊಸ ಗಾಳಿಯು ನುಗ್ಗುವುದು. ಅಡಿಗೆಮನೆಯ ಹೊಗೆಗೂಡಿನಲ್ಲಿ ನಡೆಯುವುದೂ ಇದೇ. ಮಂಗಳೂರು ಹೆಂಚಿನ ಮಾಡಿಗೋ ತಗಡಿನ ಛಾವಣಿಗೋ ಫಲಕವನ್ನು ಅಂಟಿಸಿದಂತೆ ಕೂಡಿಸಿಬಿಟ್ಟರೆ ಈ ದಾರಿಯು ಮುಚ್ಚಿಹೋಗುವುದು. ಬಯಲಿನಲ್ಲಿ ನಿಂತ ಫಲಕಕ್ಕಿಂತ ಅಂತಹ ಫಲಕವು ಐದಾರು ಡಿಗ್ರಿಯಷ್ಟೋ ಅದಕ್ಕಿಂತಲೂ ಮೇಲಾಗಿಯೋ ಕಾಯಬಹುದು. ಛಾವಣಿಗೂ ಫಲಕಕ್ಕೂ ನಡುವೆ ಕೊನೆಯಪಕ್ಷ ನಾಲ್ಕರಿಂದ ಆರು ಅಂಗುಲಗಳ ತೆರವನ್ನು ಬಿಡಿಸತಕ್ಕದ್ದು. ಸಮತಟ್ಟಾದ ತಾರಸಿಯಲ್ಲಿ ಕಬ್ಬಿಣದ ಚೌಕಟ್ಟನ್ನು ಎತ್ತರಿಸಿದರೆ ಇನ್ನೂ ಒಳ್ಳೆಯದು. ಕೆಳಗೆ ಬಟ್ಟೆಯೊಣಗಿಸಲೂ ಹಪ್ಪಳ ಸಂಡಿಗೆಗಳನ್ನು ಕಾಯುವವರು ಕುಳಿತುಕೊಳ್ಳಲೂ ನೆರಳಾಗುವುದು. ಆದರೆ ಎತ್ತರವು ಹೆಚ್ಚಿದಂತೆ ಬಿರುಗಾಳಿಯ ಹೊಡೆತವೂ ಹೆಚ್ಚುವುದರಿಂದ ಚೌಕಟ್ಟಿನ ಕಾಲುಗಳನ್ನು ಗಾರೆಯಲ್ಲಿ ಭದ್ರವಾಗಿ ಹೂಳಿಸುವುದು ಅವಶ್ಯಕ. ಫಲಕಗಳ ಸುತ್ತಲೂ ಹಳೆಯ ಡಬ್ಬ, ಸೌದೆ, ಮುರಿದ ಕುರ್ಚಿಗಳನ್ನು ಒಟ್ಟಿ ಗಾಳಿಯನ್ನು ಕಟ್ಟಿಹಾಕಬಾರದು. ತಾರಸಿಗೆ ಸುಣ್ಣವನ್ನೋ ಬಿಳಿಯ ಬಣ್ಣವನ್ನೋ ಬಳಿಸಿದರೆ ನೆಲದ ಕಾವು ತಗ್ಗುವುದು. ಕೆಳಗಿನ ಕೋಣೆಯೂ ತಂಪಾಗುವುದು. ಎರಡು ಮುಖಗಳಿಂದಲೂ ಬೆಳಕನ್ನು ಹೀರುವ ಹೊಸ ಬಗೆಯ ಫಲಕಗಳಿದ್ದರೆ, ಬಿಳಿಯ ನೆಲದಿಂದ ಚಿಮ್ಮಿದ ಬೆಳಕು ಅವುಗಳಿಗೆ ಒಂದು ಹೆಚ್ಚಿನ ತುತ್ತಾಗುವುದು.

ನೀರಿನ ವಿಚಾರವು ಇಷ್ಟು ಸರಳವಾದುದಲ್ಲ. ಮಣ್ಣಿನ ಹೂಜಿಯು ನೀರನ್ನು ತಣ್ಣಗಿಡುವ ಗುಟ್ಟು ನಮ್ಮ ಅಜ್ಜಿಯಂದಿರಿಗೆ ತಿಳಿದುದೇ; ನೀರು ಆವಿಯಾಗುವಾಗ ತಾನು ಇರುವ ಸ್ಥಳದ ಕಾವನ್ನು ಹೊತ್ತುಕೊಂಡು ಹೋಗುವುದು. ಒಂದು ಲೀಟರ್ ನೀರು ಆವಿಯಾದರೆ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟು ಕಾವು ಅದರೊಡನೆ ಹೋಗುವುದು. ಇದನ್ನು ಕೇಳಿದೊಡನೆ, ಫಲಕದ ಮೇಲೆ ನೀರನ್ನು ಚಿಮುಕಿಸಿದರಾಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಅದಕ್ಕಾಗಿ ನಳಿಗೆಗಳನ್ನೂ ಪಂಪುಗಳನ್ನೂ ಜೋಡಿಸಿಕೊಡುವವರೂ ಉಂಟು. ಗೃಹಸ್ಥರು ಒಪ್ಪುವ ಮೊದಲು ಕಾಗದದ ಮೇಲೆ ಸ್ವಲ್ಪ ಲೆಕ್ಕವನ್ನು ಮಾಡಿನೋಡಲಿ.

ಮೂರು ಕಿಲೋವಾಟಿನ ಫಲಕಗಳು ಸುಮಾರು ೧೫ ಚದರ ಮೀಟರುಗಳ ಹರವುಳ್ಳವು. ನಡುಹಗಲಿನ ನಾಲ್ಕು ಗಂಟೆಗಳ ಕಾಲ ಅವನ್ನು ೧೫ ಡಿಗ್ರಿ ತಂಪಾಗಿಸಿ ಹಿಡಿದೆವೆಂದು ಭಾವಿಸೋಣ. ಡಿಗ್ರಿಗೆ ೦.೩೫ರಂತೆ ನೂರಕ್ಕೆ ಐದಕ್ಕಿಂತ ತುಸು ಹೆಚ್ಚು ಲಾಭ. ಆ ನಾಲ್ಕು ಗಂಟೆಗಳಲ್ಲಿ ಬರುವ ವಿದ್ಯುತ್ತು ಒಂಬತ್ತು ಯೂನಿಟ್ಟೆಂದು ಹಿಡಿದರೆ ಹೆಚ್ಚಾಗಿ ದೊರೆಯುವುದು ಅರ್ಧ ಯೂನಿಟ್. ಬೇಸಗೆಯ ಅರುವತ್ತು ದಿನಗಳಿಗೆ ಮೂವತ್ತು ಯೂನಿಟ್ಟುಗಳು. ಯೂನಿಟ್ಟಿಗೆ ಏಳು ರೂಪಾಯಿಯಂತೆ ಎಣಿಸಿದರೂ ಇನ್ನೂರಹತ್ತು ರೂಪಾಯಿಗಳು. ಖರ್ಚನ್ನು ನೋಡೋಣ. ಅಷ್ಟು ತಂಪಿಗೆ ಗಂಟೆಗೆ ಸುಮಾರು ಐದು ಯೂನಿಟ್ಟಿನಷ್ಟು ಕಾವನ್ನು ಕಳೆಯಬೇಕು. ಹಾಕಿದ ನೀರೆಲ್ಲವೂ ಆವಿಯಾಗುವುದಾದರೆ ಗಂಟೆಗೆ ಏಳೆಂಟು ಲೀಟರುಗಳು ಸಾಕು. ಆದರೆ ಓರೆಯಾದ ನುಣುಪು ಗಾಜಿನ ಮೇಲೆ ನೀರು ನಿಲ್ಲುವುದೇ? ಹೆಚ್ಚಿನ ಪಾಲು ಹರಿದು ಬಚ್ಚಲಿಗೆ ಹೋಗುವುದು. ಆದುದರಿಂದ ಅದರ ಎಷ್ಟೋ ಪಟ್ಟು ನೀರನ್ನು ಹರಿಸಬೇಕಾಗುವುದು. ಅರ್ಧ ಅಶ್ವಶಕ್ತಿಯ ಪಂಪು ಒಂದು ಗಂಟೆ ನಡೆದರೆ ತಾನೇ ಸುಮಾರು ಅರ್ಧ ಯೂನಿಟ್ಟನ್ನು ನುಂಗುವುದು. ಲಾಭವೆಲ್ಲವೂ ಅಲ್ಲಿಗೇ ಮುಗಿಯಿತು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು.

ಇಷ್ಟೇ ಅಲ್ಲ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸಾದುದು. ಕಾದ ಗಾಜಿನ ಮೇಲೆ ಅದು ಒಣಗಿದರೆ, ಬಿಸಿನೀರಿನ ಹಂಡೆಯ ಒಳಗೆ ಕಟ್ಟುವಂತಹ ಬಿಳಿಯ ಪೊರೆಯು ಅಲ್ಲಿಯೂ ಕಟ್ಟುವುದು. ಒಮ್ಮೆ ಕಟ್ಟಿತೆಂದರೆ ಅದು ಬೆಳಕನ್ನೇ ತಡೆಯುವುದು. ಉರಿಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ಒಮ್ಮೆಲೇ ತಣ್ಣೀರನ್ನು ಸುರಿಯುವುದೂ ಕ್ಷೇಮವಲ್ಲ. ಇದೆಲ್ಲಕ್ಕಿಂತಲೂ ದೊಡ್ಡ ಮಾತೊಂದುಂಟು. ತಂಪಿನ ಅವಶ್ಯಕತೆಯು ಯಾವ ತಿಂಗಳುಗಳಲ್ಲಿ ಹೆಚ್ಚೋ ಆ ತಿಂಗಳುಗಳಲ್ಲಿಯೇ ನೀರಿನ ಬರವೂ ಹೆಚ್ಚು. ೨೦೨೪ನೆಯ ಇಸವಿಯ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯವರು ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯಬಾರದೆಂದೂ ತೋಟಗಳಿಗೆ ಹಾಯಿಸಬಾರದೆಂದೂ ಕಟ್ಟುಮಾಡಿ, ಮೀರಿದವರಿಗೆ ೫,೦೦೦ ರೂಪಾಯಿಗಳ ದಂಡವನ್ನು ವಿಧಿಸಿದುದು ವಾಚಕರ ನೆನಪಿನಲ್ಲಿರಬಹುದು. ನೆರೆಮನೆಯವರು ಕೊಡವನ್ನು ಹಿಡಿದು ಟ್ಯಾಂಕರಿಗಾಗಿ ಕಾದಿರುವಾಗ ನಾವು ಗಾಜಿಗೆ ಅಭಿಷೇಕ ಮಾಡುವುದು ಧರ್ಮವೂ ಅಲ್ಲ, ಲಾಭವೂ ಅಲ್ಲ.

ಹಾಗೆಂದು ನೀರನ್ನು ಫಲಕಗಳ ಹತ್ತಿರಕ್ಕೆ ಬಿಡಲೇಬಾರದೆಂದು ನಾವು ಹೇಳುವುದಿಲ್ಲ. ಧೂಳನ್ನು ತೊಳೆಯುವುದಕ್ಕೆ ನೀರು ಬೇಕೇ ಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಗಳಿಗೊಮ್ಮೆ, ಬಿಸಿಲೇರುವ ಮೊದಲು ಬೆಳಗಿನ ಜಾವದಲ್ಲಿ, ಒಂದೆರಡು ಬಕೆಟ್ಟು ಮೆದುನೀರಿನಿಂದ ಮೃದುವಾದ ಬಟ್ಟೆಯಲ್ಲಿ ಒರಸಿದರೆ ಸಾಕು. ಮಳೆಯ ನೀರನ್ನು ಹಿಡಿದಿಟ್ಟುಕೊಂಡವರಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಫಲಕದ ಒಂದು ಮೂಲೆಯಲ್ಲಿ ಕಾಗೆಯ ಹಿಕ್ಕೆಯೋ ಒಂದು ಒಣಗಿದ ಎಲೆಯೋ ನಿಂತರೂ ಅದರ ಕೆಳಗಿನ ಬಿಲ್ಲೆಯು ವಿದ್ಯುತ್ತನ್ನು ಕೊಡುವುದನ್ನು ಬಿಟ್ಟು, ಉಳಿದ ಬಿಲ್ಲೆಗಳು ಕೊಟ್ಟುದನ್ನು ತಾನು ತಿಂದು ಕಾಯತೊಡಗುವುದು. ಆ ಒಂದು ಚುಕ್ಕೆಯು ಫಲಕದ ಉಳಿದ ಭಾಗಕ್ಕಿಂತ ಬಹಳ ಹೆಚ್ಚಾಗಿ ಬೆಂದು ಕ್ರಮೇಣ ಸುಟ್ಟ ಕಲೆಯಾಗುವುದುಂಟು. ಇದನ್ನು ತಡೆಯಲು ಕಾರ್ಖಾನೆಯವರು ಡಯೋಡುಗಳೆಂಬ ಒಳದಾರಿಗಳನ್ನು ಇಟ್ಟಿರುವರಾದರೂ, ಎಲೆಯನ್ನು ತೆಗೆದುಹಾಕುವ ಕೈಯೇ ಎಲ್ಲಕ್ಕಿಂತ ಉತ್ತಮವಾದ ರಕ್ಷೆ. ನೀರಿನ ತೊಟ್ಟಿಯ ನೆರಳೂ ಪಕ್ಕದ ತೆಂಗಿನ ಗರಿಯ ನೆರಳೂ ಬೀಳದಂತೆ ಮೊದಲೇ ನೋಡಿಕೊಳ್ಳತಕ್ಕದ್ದು.

ಮನೆಗೆ ಸಲ್ಲದ ಉಪಾಯಗಳು ದೊಡ್ಡ ಸ್ಥಾವರಗಳಿಗೆ ಸಲ್ಲುವುದುಂಟು. ಗುಜರಾತಿನ ಮೆಹಸಾಣಾ ಜಿಲ್ಲೆಯ ಚಂದ್ರಾಸಣ ಎಂಬ ಹಳ್ಳಿಯ ಬಳಿ, ನರ್ಮದಾ ನದಿಯ ನೀರು ಹರಿಯುವ ಕಾಲುವೆಯ ಮೇಲೆ, ಚಪ್ಪರವನ್ನು ಹಾಕಿದಂತೆ ಸುಮಾರು ೭೫೦ ಮೀಟರುಗಳ ಉದ್ದಕ್ಕೂ ಫಲಕಗಳನ್ನು ಹೊದಿಸಿ, ೨೦೧೨ರ ಏಪ್ರಿಲಿನಲ್ಲಿ ಒಂದು ಮೆಗಾವಾಟಿನ ಸ್ಥಾವರವನ್ನು ಆರಂಭಿಸಿದರು. ಕೆಳಗಿನ ನೀರಿನ ತಂಪು ಫಲಕಗಳಿಗೆ. ಫಲಕಗಳ ನೆರಳು ನೀರಿಗೆ. ಹೀಗೆ ಒಂದಕ್ಕೊಂದು ಉಪಕಾರ ಮಾಡಿಕೊಳ್ಳುವುದರಿಂದ ವಿದ್ಯುತ್ತೂ ಹೆಚ್ಚುವುದು, ಆವಿಯಾಗಿ ಹೋಗುವ ನೀರೂ ಉಳಿಯುವುದು, ಭೂಮಿಯನ್ನು ಕೊಳ್ಳುವ ಖರ್ಚೂ ತಪ್ಪುವುದು. ತೆಲಂಗಾಣದ ರಾಮಗುಂಡಂನಲ್ಲಿ ಜಲಾಶಯದ ಮೇಲೆ ತೇಲುವ ೧೦೦ ಮೆಗಾವಾಟಿನ ಸ್ಥಾವರವು ೨೦೨೨ರ ಜುಲೈ ತಿಂಗಳಲ್ಲಿ ಪೂರ್ಣವಾಗಿ ಕೆಲಸಕ್ಕೆ ತೊಡಗಿತು. ಇಲ್ಲಿ ಯಾವ ಪಂಪೂ ಇಲ್ಲ, ಯಾವ ನಳಿಗೆಯೂ ಇಲ್ಲ; ನೀರಿನ ಮೇಲೆ ಬೀಸುವ ಗಾಳಿಯೇ ಆ ಕೆಲಸವನ್ನು ಮಾಡುವುದು.

ಗಿಡಗಳಿಂದಲೂ ಇಂತಹ ಉಪಕಾರವುಂಟೆಂಬುದು ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಅರಿಜೋನಾ ಪ್ರಾಂತವು ಮರುಭೂಮಿಯ ಸೀಮೆ. ಅಲ್ಲಿಯ ವಿಶ್ವವಿದ್ಯಾಲಯದ ಬ್ಯಾರನ್-ಗ್ಯಾಫರ್ಡ್ ಎಂಬವರೂ ಅವರ ಸಂಗಡಿಗರೂ ಎತ್ತರವಾಗಿ ನಿಲ್ಲಿಸಿದ ಫಲಕಗಳ ಕೆಳಗೆ ಮೆಣಸಿನಕಾಯಿ, ಟೊಮೇಟೊಗಳನ್ನು ಬೆಳೆಸಿ ೨೦೧೯ರಲ್ಲಿ ಫಲವನ್ನು ಪ್ರಕಟಿಸಿದರು. ಎಲೆಗಳು ಉಸಿರಿನೊಡನೆ ಬಿಡುವ ನೀರಿನಾವಿಯಿಂದ, ಬೇಸಗೆಯ ಹಗಲಿನಲ್ಲಿ ಆ ಫಲಕಗಳು ಬರಿನೆಲದ ಮೇಲಿನ ಫಲಕಗಳಿಗಿಂತ ಸುಮಾರು ಒಂಬತ್ತು ಡಿಗ್ರಿ ತಂಪಾಗಿದ್ದುವು. ಬಿಸಿಲಿನಲ್ಲಿ ಬೆಳೆದುದಕ್ಕಿಂತ ನೆರಳಿನಲ್ಲಿ ಆ ಸೀಮೆಯ ಕಾಡುಮೆಣಸಿನಕಾಯಿಯು ಮೂರರಷ್ಟೂ ಟೊಮೇಟೊ ಎರಡರಷ್ಟೂ ಫಲಿಸಿದುವು. ನಮ್ಮ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು ೧೩,೦೦೦ ಎಕರೆಗಳ ಮೇಲೆ ಹರಡಿರುವ, ೨,೦೫೦ ಮೆಗಾವಾಟಿನ ಶಕ್ತಿಸ್ಥಲವೆಂಬ ಸೌರವನವು ೨೦೧೮ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಯ ರೈತರು ಭೂಮಿಯನ್ನು ಮಾರದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಂತೆ ಗುತ್ತಿಗೆಗೆ ಕೊಟ್ಟರು. ಮಳೆ ಕಡಿಮೆಯಾದ ಅಂತಹ ಸೀಮೆಯಲ್ಲಿ ಫಲಕಗಳ ಕೆಳಗಿನ ನೆಲವು ಬರಿದಾಗಿ ಕಾಯುವುದಕ್ಕಿಂತ ಹುಲ್ಲನ್ನೋ ಸೊಪ್ಪನ್ನೋ ಹೊತ್ತಿದ್ದರೆ ಫಲಕಕ್ಕೂ ಕುರಿಗೂ ಕುರುಬನಿಗೂ ಒಳಿತಾಗುವುದೆಂದು ನಮ್ಮ ಅಭಿಪ್ರಾಯ. ಮನೆಯ ತಾರಸಿಯಲ್ಲಿಯೂ ಗೃಹಿಣಿಯರು ಎತ್ತರದ ಫಲಕಗಳ ಕೆಳಗೆ ಕೊತ್ತಂಬರಿ, ಮೆಂತ್ಯ, ದೊಡ್ಡಪತ್ರೆಗಳ ಕುಂಡಗಳನ್ನು ಇಡಬಹುದು. ಆದರೆ ತೊಂಡೆ, ಅವರೆಗಳಂತಹ ಬಳ್ಳಿಗಳನ್ನು ಅಲ್ಲಿ ಹಬ್ಬಿಸಬಾರದು. ಅವು ಚೌಕಟ್ಟನ್ನು ಹಿಡಿದು ಮೇಲೇರಿ ಫಲಕವನ್ನೇ ಮುಚ್ಚಿಬಿಡುವುವು.

ಕಾವನ್ನು ಕಳೆಯುವುದಕ್ಕೆ ಬದಲಾಗಿ ಉಪಯೋಗಿಸಿಕೊಳ್ಳಬಾರದೇಕೆ ಎಂದು ಕೆಲವರು ಕೇಳಬಹುದು. ಫಲಕದ ಬೆನ್ನಿಗೆ ನಳಿಗೆಗಳನ್ನು ಜೋಡಿಸಿ, ಹರಿಯುವ ನೀರು ಕಾವನ್ನು ಹೊತ್ತು ತೊಟ್ಟಿಗೆ ಸೇರುವಂತೆ ಮಾಡಿದ ಜೋಡಿಯಂತ್ರಗಳು ಈಗ ಉಂಟು. ಒಂದೇ ಜಾಗದಲ್ಲಿ ವಿದ್ಯುತ್ತೂ ಬಿಸಿನೀರೂ ದೊರೆಯುವುದು ನಿಜ. ಆದರೆ ಇಲ್ಲಿಯೂ ಒಂದು ತೊಡಕುಂಟು. ಸ್ನಾನಕ್ಕೆ ಚೆನ್ನಾಗಿ ಕಾದ ನೀರು ಬೇಕಾದರೆ ಫಲಕವೂ ಅಷ್ಟೇ ಕಾದಿರಬೇಕು. ಫಲಕವು ತಣ್ಣಗಿರಬೇಕಾದರೆ ನೀರು ಉಗುರುಬೆಚ್ಚಗೆ ಮಾತ್ರವೇ ಇರುವುದು. ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾದ ದಾರಿಗಳನ್ನು ಹುಡುಕುತ್ತಿರುವರು. ೨೦೧೫ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು ಬೆಳಕನ್ನು ತಡೆಯದೆ ಕಾವನ್ನು ಮಾತ್ರ ಆಕಾಶಕ್ಕೆ ಸೂಸುವ ಪಾರದರ್ಶಕವಾದ ಪೊರೆಯೊಂದರಿಂದ ಸಿಲಿಕಾನಿನ ಉಷ್ಣತೆಯನ್ನು ೧೩ ಡಿಗ್ರಿಗಳವರೆಗೆ ಇಳಿಸಿ ತೋರಿಸಿದರು. ೨೦೨೦ರಲ್ಲಿ ಬೇರೆ ಕೆಲವರು, ರಾತ್ರಿಯಲ್ಲಿ ಗಾಳಿಯ ತೇವವನ್ನು ಹೀರಿ ಹಗಲಿನಲ್ಲಿ ಅದನ್ನೇ ಬೆವರಿನಂತೆ ಬಿಡುವ ಅಂಟುಪದಾರ್ಥವನ್ನು ಫಲಕದ ಬೆನ್ನಿಗೆ ಹಚ್ಚಿ ಹತ್ತು ಡಿಗ್ರಿಗಳ ತಂಪನ್ನು ಸಾಧಿಸಿದರು. ಇವು ಪ್ರಯೋಗಶಾಲೆಯ ಫಲಗಳು. ಇವುಗಳಿಗಾಗಿ ಗೃಹಸ್ಥರು ಫಲಕಗಳನ್ನು ಹಾಕಿಸದೆ ಕಾದು ಕುಳಿತಿರಬೇಕಾದ ಕಾರಣವಿಲ್ಲ.

ತಂಪಿನ ಲಾಭವು ಆಯಾ ದಿನದ ಯೂನಿಟ್ಟುಗಳಿಗೆ ಮಾತ್ರ ಮುಗಿಯುವುದಿಲ್ಲ. ಹತ್ತು ಡಿಗ್ರಿ ಏರಿದರೆ ಬಹುಪಾಲು ರಾಸಾಯನಿಕ ಕ್ಷಯಗಳ ವೇಗವು ಸುಮಾರು ಎರಡರಷ್ಟಾಗುವುದೆಂಬುದು ಶಾಸ್ತ್ರಜ್ಞರು ಬಳಸುವ ಸ್ಥೂಲ ನಿಯಮ. ಫಲಕದ ಒಳಗಿನ ಅಂಟು, ಬೆನ್ನಿನ ಹಾಳೆ, ಬೆಸುಗೆಗಳು ಇವೆಲ್ಲವೂ ಈ ನಿಯಮಕ್ಕೆ ಒಳಪಟ್ಟವು. ಕಾರ್ಖಾನೆಯವರು ೨೫ ವರ್ಷಗಳ ಭರವಸೆಯನ್ನು ಕೊಡುವರು. ತಂಪಾಗಿ ಬಾಳಿದ ಫಲಕವು ಆ ಅವಧಿಯನ್ನು ಸುಖವಾಗಿ ದಾಟುವುದು. ಇನ್‌ವರ್ಟರ್ ಎಂಬ ಪೆಟ್ಟಿಗೆಯ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುವುದು. ಒಳಗಿನ ಕಾವು ಮಿತಿಮೀರಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಕೆಲಸವನ್ನೇ ತಗ್ಗಿಸಿಕೊಳ್ಳುವುದು. ಅದನ್ನು ಪಡುವಣ ಬಿಸಿಲು ಬೀಳುವ ಗೋಡೆಯ ಮೇಲಾಗಲಿ, ಕಿಟಕಿಯಿಲ್ಲದ ಉಗ್ರಾಣದಲ್ಲಾಗಲಿ ತೂಗಹಾಕಬಾರದು. ನೆರಳೂ ಗಾಳಿಯೂ ಇರುವ ಗೋಡೆಯನ್ನು ಆರಿಸುವುದಕ್ಕೆ ಒಂದು ಕಾಸೂ ಬೇಕಾಗಿಲ್ಲ. ಆರಿಸದೆ ಹೋದರೆ ಪೆಟ್ಟಿಗೆಯನ್ನೇ ಬೇಗ ಬದಲಾಯಿಸಬೇಕಾಗುವುದು.

ಹೊಸದಾಗಿ ಕೊಳ್ಳುವವರು ವ್ಯಾಪಾರಿಯನ್ನು ಮೂರು ಮಾತುಗಳನ್ನು ಕೇಳಲಿ. ಒಂದು ಡಿಗ್ರಿಗೆ ಬಲವು ಎಷ್ಟು ಕುಗ್ಗುವುದು? ಬೆನ್ನಿನ ಕೆಳಗೆ ಎಷ್ಟು ತೆರವನ್ನು ಬಿಡುವಿರಿ? ಇನ್‌ವರ್ಟರನ್ನು ಎಲ್ಲಿ ಇಡುವಿರಿ? ಮೊದಲನೆಯದಕ್ಕೆ ಉತ್ತರವು ಫಲಕದ ಜಾತಿಯನ್ನು ಅವಲಂಬಿಸಿರುವುದು. ಸಾಧಾರಣ ಫಲಕಗಳಲ್ಲಿ ೦.೩೫ ಇದ್ದರೆ, ಟಾಪ್‌ಕಾನ್ ಎಂಬ ಜಾತಿಯಲ್ಲಿ ೦.೩೦ರ ಸುಮಾರು, ಹೆಟರೋಜಂಕ್ಷನ್ ಎಂಬ ಜಾತಿಯಲ್ಲಿ ೦.೨೫ರ ಸುಮಾರು. ನಾವು ಹಿಂದೆ ಹೇಳಿದ ೬೬ ಡಿಗ್ರಿಯ ಮಧ್ಯಾಹ್ನದಲ್ಲಿ ಕಡೆಯದರ ನಷ್ಟವು ನೂರಕ್ಕೆ ೧೦ ಮಾತ್ರ. ಬಿಸಿಲ ಸೀಮೆಯವರಿಗೆ ಈ ಭೇದವು ಗಮನಾರ್ಹವಾದುದು. ಆದರೆ ಬೆಲೆಯ ಭೇದವನ್ನೂ ಜೊತೆಯಲ್ಲಿಯೇ ತೂಗಬೇಕು. ಜಾಗವಿದ್ದು ಕೈಯಲ್ಲಿ ಸ್ವಲ್ಪ ಹಣವೂ ಇದ್ದರೆ, ತಂಪುಮಾಡುವ ಯಂತ್ರಕ್ಕೆ ವೆಚ್ಚಮಾಡುವುದಕ್ಕಿಂತ ಇನ್ನೊಂದು ಫಲಕವನ್ನೇ ಸೇರಿಸುವುದು ಮೇಲು. ನಮ್ಮ ನಾಡಿನಲ್ಲಿ ಒಂದು ಕಿಲೋವಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟಿನ ಆಸುಪಾಸು ದೊರೆಯುವುದರಿಂದ, ಅರ್ಧ ಕಿಲೋವಾಟಿನ ಒಂದು ಫಲಕವು ದಿನಕ್ಕೆ ಎರಡು ಯೂನಿಟ್ಟುಗಳನ್ನು ಕೊಡುವುದು. ನೀರನ್ನು ಚಿಮುಕಿಸಿ ಪಡೆಯುವ ಅರ್ಧ ಯೂನಿಟ್ಟಿಗೆ ಇದು ನಾಲ್ಕರಷ್ಟು. ಅದೂ ಬೇಸಗೆಯಲ್ಲಿ ಮಾತ್ರವಲ್ಲ, ವರ್ಷವಿಡೀ.

ಈಗಾಗಲೇ ಫಲಕಗಳನ್ನು ಹಾಕಿಸಿರುವವರು ಈ ಭಾನುವಾರ ಬೆಳಿಗ್ಗೆ ಒಮ್ಮೆ ತಾರಸಿಯನ್ನು ಹತ್ತಿ ನೋಡಿಬರಲಿ. ಕೆಳಗಿನ ತೆರವಿನಲ್ಲಿ ಕಸವು ತುಂಬಿದ್ದರೆ ತೆಗೆಯಲಿ, ಪಾರಿವಾಳವು ಗೂಡು ಕಟ್ಟಿದ್ದರೆ ಮರಿಗಳು ಹಾರಿಹೋದ ಮೇಲೆ ಜಾಲರಿ ಹಾಕಿಸಲಿ, ಧೂಳಿದ್ದರೆ ಒರಸಲಿ, ನೆರಳು ಚಾಚುವ ಕೊಂಬೆಯಿದ್ದರೆ ಸವರಿಸಲಿ. ಇಷ್ಟನ್ನು ಮಾಡಿ ಮಧ್ಯಾಹ್ನದ ಮೀಟರು ಚೀಟಿಯ ಅಂಕಿಗಿಂತ ಸ್ವಲ್ಪ ಕೆಳಗೆ ನಿಂತಿತೆಂದು ಕೊರಗಬೇಕಾಗಿಲ್ಲ. ವೈಶಾಖದ ಬಿಸಿಲಿನಲ್ಲಿ ದುಡಿಯುವ ಆಳು ನಡುಹಗಲಿನಲ್ಲಿ ತುಸು ದಣಿಯುವುದುಂಟು. ಜ್ಯೇಷ್ಠದ ಮೊದಲ ಮಳೆಯು ಬಿದ್ದು ನಡುವೆ ಮೋಡ ಹರಿದ ದಿನ ಅದೇ ಫಲಕಗಳು ತೊಳೆದ ಮುಖದಿಂದ ಹೇಗೆ ಕೆಲಸಮಾಡುವುವೆಂಬುದನ್ನು ಮನೆಯ ಮಕ್ಕಳಿಗೆ ಮೀಟರಿನಲ್ಲಿ ತೋರಿಸಲಿ. ಬೆಳಕೂ ಬೇಗೆಯೂ ಬೇರೆಬೇರೆಯೆಂಬ ಈ ಪಾಠವನ್ನು ಅವರು ಪುಸ್ತಕದಿಂದ ಕಲಿಯುವುದಕ್ಕಿಂತ ಅಲ್ಲಿ ಚೆನ್ನಾಗಿ ಕಲಿತಾರು.